ಮಾಸ್ತರರ ನಿಖಿತಾ ಗೊಜ್ಜು

ಕಾಪುವಿನ ತಾರಾನಾಥ ಮಾಸ್ತರರಿಗೆ ಊರಿನಲ್ಲಿ ಒಂದು ದೊಡ್ಡ ಹೆಸರಿತ್ತು. ಆ ಹೆಸರು ಬರಲು ಕಾರಣವಾದ ಗುಣ ಮಾತ್ರ ಅವರಲ್ಲಿರಲಿಲ್ಲ. ಸರಕಾರಿ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದ ದಿನ, ಹಾರದ ಭಾರಕ್ಕೋ ಮಲ್ಲಿಗೆಯ ಪರಿಮಳಕ್ಕೋ ಸ್ವಲ್ಪ ತಲೆ ತಿರುಗಿದಂತಾಗಿ, ಮೈಕಿನ ಮುಂದೆ ನಿಂತು, "ನನ್ನ ಕೈಯಲ್ಲಿ ಕಲಿತ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ನಾನು ಮರೆತಿಲ್ಲ" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ನಮ್ಮ ಜಿಲ್ಲೆಯಲ್ಲಿ ಇಲ್ಲ.

ನಿಜ ಹೇಳಬೇಕೆಂದರೆ ಮಾಸ್ತರರಿಗೆ ಪ್ರಮೇಯಗಳೆಲ್ಲ ಬಾಯಿಪಾಠ ಇದ್ದವು, ಮುಖ ಒಂದೂ ನೆನಪಿರಲಿಲ್ಲ. ಇದರಲ್ಲಿ ಅವರ ತಪ್ಪು ಹೆಚ್ಚಿಲ್ಲ. ಅವರು ಬೋರ್ಡಿನ ಕಡೆಗೆ ಮುಖ ಮಾಡಿ ಪಾಠ ಮಾಡುವವರು. ಮಕ್ಕಳಿಗೆ ಅವರ ಬೆನ್ನಿನ ಪರಿಚಯ ಎಷ್ಟಿತ್ತೋ ಅದರ ಕಾಲು ಭಾಗವೂ ಅವರಿಗೆ ಮಕ್ಕಳ ಮುಖದ ಪರಿಚಯ ಇರಲಿಲ್ಲ.

ಊರು ಇದನ್ನು ಅರಿಯದು. ಕಾಪು ಪೇಟೆಗೆ ಇಳಿದರೆ ಸಾಕು, ಪ್ರತಿ ಎರಡನೆಯ ಅಂಗಡಿಯಿಂದ ಒಬ್ಬರು ಹೊರಗೆ ಬಂದು ನಗುತ್ತ ನಿಲ್ಲುತ್ತಿದ್ದರು. "ಸರ್, ಗುರುತು ಸಿಕ್ಕಿತಾ?" ಈ ಪ್ರಶ್ನೆಯನ್ನು ಎದುರಿಸಲು ಮಾಸ್ತರರು ಮೂರು ಮರುಪ್ರಶ್ನೆಗಳನ್ನು ಸಿದ್ಧ ಮಾಡಿ ಇಟ್ಟುಕೊಂಡಿದ್ದರು. ಒಂದು, ಓಹೋ, ಹೇಗಿದ್ದೀ ಮಾರಾಯ? ಎರಡು, ಈಗ ಎಲ್ಲಿದ್ದೀ? ಮೂರು, ಮನೆಯಲ್ಲಿ ಎಲ್ಲ ಸೌಖ್ಯವಾ? ಮೂರನೆಯದು ಮುಗಿಯುವಷ್ಟರಲ್ಲಿ ಬಸ್ಸೋ ಮಳೆಯೋ ಯಾವುದಾದರೊಂದು ಬಂದು ಅವರನ್ನು ಪಾರು ಮಾಡುತ್ತಿತ್ತು.

"ಗುರುತು ಸಿಗಲಿಲ್ಲ ಮಗಾ ಅಂತ ಹೇಳಲಿಕ್ಕೆ ಎಂತ ಕಷ್ಟ ನಿಮಗೆ?" ಎಂದು ಹೆಂಡತಿ ಸುಭಾಷಿಣಿ ಕೇಳುತ್ತಿದ್ದರು. ಆಕೆಗೆ ಮಣಿಪಾಲದ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ. ಇಲ್ಲದ್ದನ್ನು ಇಲ್ಲ ಎಂದು ಬರೆದು ಸಹಿ ಹಾಕುವುದು ಅಭ್ಯಾಸವಾದ ಹೆಂಗಸು. ಗಣಿತದ ಮಾಸ್ತರನಾದವನು 'ಗೊತ್ತಿಲ್ಲ' ಎನ್ನಬಾರದು ಎಂಬುದು ಗಂಡನ ವಾದ. ಸುಭಾಷಿಣಿಯವರಿಗೆ ಇನ್ನೂ ಮೂರು ವರ್ಷದ ಸರ್ವಿಸ್ ಇದ್ದುದರಿಂದ ವಾದ ಮುಂದುವರಿಯುತ್ತಿರಲಿಲ್ಲ, ಬಸ್ಸಿಗೆ ಹೊತ್ತಾಗುತ್ತಿತ್ತು. ಹಾಗೆ ಹೋಗುವಾಗ ಅಡುಗೆಮನೆಯನ್ನೂ ಅವರು ಗಂಡನಿಗೇ ಒಪ್ಪಿಸಿ ಹೋಗಿದ್ದರು. ಮಾಸ್ತರರು ಅದನ್ನು ಪ್ರಯೋಗಾಲಯ ಎಂದು ಭಾವಿಸಿ ವಹಿಸಿಕೊಂಡಿದ್ದರು. ಅಲ್ಲಿಂದ ಬಂದದ್ದನ್ನು ಸುಭಾಷಿಣಿ ಊಟ ಎಂದು ಭಾವಿಸಿ ಉಣ್ಣುತ್ತಿದ್ದರು.

ಅನಾಹುತ ಶುರುವಾದದ್ದು ತರಕಾರಿ ಅಂಗಡಿಯಲ್ಲಿ. ಮಾಸ್ತರರು ಒಂದು ಒಳ್ಳೆಯ ಮಟ್ಟುಗುಳ್ಳ ಬದನೆಯನ್ನು ಕೈಯಲ್ಲಿ ಹಿಡಿದು ತೊಟ್ಟು ನೋಡುತ್ತಿದ್ದಾಗ ಹೆಲ್ಮೆಟ್ ತೆಗೆಯುತ್ತ ಒಬ್ಬಳು ಹುಡುಗಿ ಎದುರು ನಿಂತಳು. ಗುರುತು ಸಿಕ್ಕಿತಾ ಎಂದಳು. ಮಾಸ್ತರರು ಮೂರೂ ಪ್ರಶ್ನೆಗಳನ್ನು ಕ್ರಮವಾಗಿ ಪ್ರಯೋಗಿಸಿದರು. ಅವಳು ಮೂರಕ್ಕೂ ಉತ್ತರ ಕೊಟ್ಟು, ಬಸ್ಸೂ ಬಾರದೆ ಮಳೆಯೂ ಬಾರದೆ, ಅಲ್ಲಿಯೇ ನಿಂತಳು.

"ಹಾಗಾದರೆ ನನ್ನ ಹೆಸರು ಹೇಳಿ ಸರ್, ನೋಡುವ."

ಅಂಗಡಿಯವನು ತಕ್ಕಡಿ ನಿಲ್ಲಿಸಿ ನೋಡಿದ. ಬೆಂಡೆಕಾಯಿ ಆರಿಸುತ್ತಿದ್ದ ಇಬ್ಬರು ಹೆಂಗಸರು ಆರಿಸುವುದನ್ನು ಬಿಟ್ಟರು. ಮಾಸ್ತರರು ಗುಳ್ಳವನ್ನು ಒಮ್ಮೆ ತಿರುಗಿಸಿ ನೋಡಿದರು. ಆಗ ಬಾಯಿಗೆ ಬಂದದ್ದು ಇದು.

"ಹೆಸರು ಕೇಳುತ್ತೀಯಾ ಮಾರಾಯ್ತಿ? ನಿನ್ನ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಒಂದು ಅಡುಗೆಯೇ ಉಂಟು."

ಹುಡುಗಿಯ ಕಣ್ಣು ಅಗಲವಾಯಿತು. "ನಿಖಿತಾ ಅಂತಲೇ ಹೆಸರಿಟ್ಟಿದ್ದೀರಾ ಸರ್?"

"ಮತ್ತೆ? ನಿಖಿತಾ ಗೊಜ್ಜು," ಎಂದು ಮಾಸ್ತರರು ಕೈಯಲ್ಲಿದ್ದ ಗುಳ್ಳವನ್ನು ಸಾಕ್ಷಿಯಂತೆ ಎತ್ತಿ ತೋರಿಸಿದರು.

ಮನುಷ್ಯರು ಸಂತೋಷದಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಾರೆ ಎಂಬ ಈ ಸತ್ಯವನ್ನು ಮಾಸ್ತರರು ಆ ದಿನ ಕಂಡುಕೊಂಡರು. ಗಣಿತದಲ್ಲಿ ಇಷ್ಟು ಸುಲಭದ ಸೂತ್ರ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲ. ಒಂದು ಸೂತ್ರ ಸಿಕ್ಕಿದ ಮೇಲೆ ನಾಲ್ಕು ಕಡೆ ಹಾಕಿ ನೋಡದಿದ್ದರೆ ಅವನು ಎಂತ ಮಾಸ್ತರ? ಕಾರ್ಕಳದ ಮದುವೆಗೆ ಹೋಗುವಾಗ ಹಿರಿಯಡ್ಕದ ಹತ್ತಿರ ಟಿಕೆಟು ಕೊಡಲು ಬಂದ ಕಂಡಕ್ಟರ್ ಗುರುತು ಕೇಳಿದ. ಮಾಸ್ತರರು ಅಡುಗೆಯ ವಿಷಯ ತೆಗೆದರು. "ಸ್ಯಾಮ್ಸನ್ ಅಂತ ಸಾರಿಗೆ ಹೆಸರಾ ಸರ್?" ಎಂದು ಅವನು ಎರಡು ಸ್ಟಾಪುಗಳಲ್ಲಿ ಸೀಟಿ ಊದಲು ಮರೆತ. ಒಂದು ಕಚೇರಿಯಲ್ಲಿ ಐದು ತಿಂಗಳಿಂದ ಮಲಗಿದ್ದ ಅವರ ಕಾಗದವೊಂದು ಸಮೀಕ್ಷಾ ಎಂಬ ಗುಮಾಸ್ತೆಯ ಮೇಜಿನಲ್ಲಿತ್ತು. ಅಲ್ಲಿ ಹೆಸರು ಮೇಜಿನ ಮೇಲೆಯೇ ಬರೆದಿದ್ದುದರಿಂದ ಕೆಲಸ ಇನ್ನೂ ಹಗುರವಾಯಿತು. ಸಮೀಕ್ಷಾ ತಂಬುಳಿಯ ಸುದ್ದಿ ಹೇಳಿದ ಹತ್ತು ನಿಮಿಷಕ್ಕೆ ಕಾಗದ ಎದ್ದು ಕುಳಿತು ಮೊಹರು ಹಾಕಿಸಿಕೊಂಡಿತು. ಉಡುಪಿಯಲ್ಲಿ ಬೇಕರಿ ಇಟ್ಟುಕೊಂಡಿದ್ದ ಡೆನ್ವರ್‌ನಿಗೆ ಒಂದು ಪಾಯಸವನ್ನು ಬರೆದುಕೊಟ್ಟದ್ದಾಯಿತು.

ಸುದ್ದಿ ಮನೆಗೆ ಬಂದದ್ದು ನೆಂಟರ ಮೂಲಕ. ಸುಭಾಷಿಣಿಯವರ ತಮ್ಮ ಅನಂತೇಶ ಉಡುಪಿಯಿಂದ ಫೋನು ಮಾಡಿ, ಬೇಕರಿಯವನ ಹೆಸರಿನಲ್ಲಿ ಪಾಯಸ ಇರುವಾಗ ಮೂವತ್ತು ವರ್ಷದಿಂದ ಭಾವ ಭಾವ ಎಂದು ಕರೆಯುತ್ತಿರುವ ತನ್ನ ಹೆಸರಿನಲ್ಲಿ ಒಂದು ಚಟ್ನಿಯೂ ಇಲ್ಲದಿರುವುದು ಯಾವ ನ್ಯಾಯ ಎಂದು ಅಕ್ಕನನ್ನು ಕೇಳಿದ. ಸುಭಾಷಿಣಿಯವರಿಗೆ ತಲೆಬುಡ ತಿಳಿಯಲಿಲ್ಲ. ಗಂಡನನ್ನು ಕೂರಿಸಿ ವಿಚಾರಿಸಿದಾಗ ಎಲ್ಲ ಹೊರಬಂತು. "ಒಂದು ಸುಳ್ಳು ಹೇಳಿದ್ದೀರಿ, ಇರಲಿ. ಈ ಗೊಜ್ಜು ಮನೆಯಲ್ಲಿ ಎಲ್ಲಿ ಉಂಟು?" ಎಂದು ಅವರು ಕೇಳಿದರು. ಸುಳ್ಳನ್ನು ನಿಜ ಮಾಡುವುದು ತನ್ನ ಕರ್ತವ್ಯ ಎಂದುಕೊಂಡು ಮಾಸ್ತರರು ಮರುದಿನವೇ ನಿಖಿತಾ ಗೊಜ್ಜು ಮಾಡಿದರು. ಅದರ ಮರುದಿನವೂ ಮಾಡಿದರು. ನಾಲ್ಕನೆಯ ದಿನ ಸುಭಾಷಿಣಿ ಬುತ್ತಿಯನ್ನು ಮನೆಯಲ್ಲೇ ಬಿಟ್ಟು ಮಣಿಪಾಲದ ಕ್ಯಾಂಟೀನಿನಲ್ಲಿ ಉಂಡರು.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಮನೆಯ ಸಂಕಟವಾಗಿ ಮುಗಿಯುತ್ತಿತ್ತು. ಆದರೆ ನಿಖಿತಾ, ಸ್ಯಾಮ್ಸನ್, ಸಮೀಕ್ಷಾ, ಡೆನ್ವರ್ ನಾಲ್ವರೂ ಒಂದೇ ವರ್ಷದ ಹತ್ತನೇ ಬಿ ವಿಭಾಗದವರು, ನಾಲ್ವರೂ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದವರು. ಈ ಸಲ ಅವರು ಗುರುವಂದನೆ ಇಟ್ಟುಕೊಳ್ಳುವ ಆಲೋಚನೆಯಲ್ಲಿದ್ದರು. ಈಗ ನಮ್ಮ ಕಡೆ ಹಳೆ ವಿದ್ಯಾರ್ಥಿಗಳು ಮಾಸ್ತರರನ್ನು ಹುಡುಕಿ ಹಿಡಿದು ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಡದೆ ಬಿಡುವುದಿಲ್ಲ. ನಿಖಿತಾಳ ಒಂದು ಸಂದೇಶದಿಂದ ಎಲ್ಲ ಬದಲಾಯಿತು. ಹಾಲ್ ಬೇಡ, ಶಾಮಿಯಾನ ಬೇಡ, ಬರುವ ತಿಂಗಳ ಎರಡನೆಯ ಭಾನುವಾರ ಎಲ್ಲರೂ ಸರ್ ಮನೆಗೇ ಹೋಗುವುದು, ಅವರವರ ಹೆಸರಿನ ಅಡುಗೆಯನ್ನು ಅವರವರು ಉಣ್ಣುವುದು ಎಂದು ತೀರ್ಮಾನವಾಯಿತು. "ಸರ್, ನಾವು ಇಪ್ಪತ್ತೊಂದು ಜನ. ನಿಮಗೆ ಎಲ್ಲರ ನೆನಪು ಉಂಟಲ್ವಾ?" ಎಂದು ಅವಳು ಫೋನಿನಲ್ಲಿ ಕೇಳಿದಳು.

ಇಲ್ಲ ಎನ್ನಲು ದೇವರು ಕೊಟ್ಟ ಒಳ್ಳೆಯ ಅವಕಾಶ ಅದು. "ಎಂತ ಕೇಳುತ್ತೀ ನೀನು!" ಎಂದರು ಮಾಸ್ತರರು.

ಫೋನು ಇಟ್ಟ ಮೇಲೆ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಗೊಜ್ಜಿನ ಹೆದರಿಕೆಯಲ್ಲ. ಇಪ್ಪತ್ತೊಂದು ಮಕ್ಕಳು ಹದಿನಾಲ್ಕು ವರ್ಷದ ಮೇಲೆ ಬಂದು ಎದುರು ಕೂರುತ್ತಾರೆ, ತಾನು ಒಬ್ಬರನ್ನೂ ಅರಿಯೆ. ಇದು ಬಯಲಾದರೆ ಬೀಳ್ಕೊಡುಗೆಯ ದಿನ ಬಿದ್ದ ಅಷ್ಟೂ ಚಪ್ಪಾಳೆಯನ್ನು ಊರು ವಾಪಸು ಕೇಳುತ್ತದೆ. ಅದೂ ಹೋಗಲಿ, ಮೂವತ್ತಮೂರು ವರ್ಷ ತಾನು ಪಾಠ ಮಾಡಿದ್ದು ಯಾರಿಗೆ ಎಂದು ತನಗೇ ಗೊತ್ತಿಲ್ಲವಲ್ಲ ಎಂದು ಮನಸ್ಸಿನೊಳಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಅವರು ಯಾರಿಗೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಶಾಲೆಗೆ ಹೊರಟರು.

ಹಳೆಯ ಹಾಜರಿ ಪುಸ್ತಕ ನೋಡಿದರೆ ಹೆಸರುಗಳಾದರೂ ಸಿಗಬಹುದು, ಹೆಸರಿನ ಹಿಂದೆ ಮುಖ ಬಂದರೂ ಬರಬಹುದು ಎಂಬುದು ಅವರ ಲೆಕ್ಕಾಚಾರ. ಈಗಿನ ಮುಖ್ಯೋಪಾಧ್ಯಾಯಿನಿ ಮೇಧಾ ಮೇಡಂ ಕುರ್ಚಿ ಕೊಟ್ಟು ಚಹಾ ತರಿಸಿದರು. ದಾಖಲೆ ಮಾತ್ರ ಕೊಡಲಿಲ್ಲ. ಮಕ್ಕಳ ಖಾಸಗಿ ವಿವರ ಇರುವ ಪುಸ್ತಕವನ್ನು ನಿವೃತ್ತರಿಗೆ ಸುಮ್ಮನೆ ಕೊಡಲು ಬರುವುದಿಲ್ಲ, ಅರ್ಜಿಯಲ್ಲಿ ಕಾರಣ ಬರೆದುಕೊಡಬೇಕು ಎಂದರು. ಮಾಸ್ತರರು ಕಾಗದ ಪೆನ್ನು ತೆಗೆದುಕೊಂಡು ಕುಳಿತರು. 'ಮರೆತಿರುವುದರಿಂದ' ಎಂದು ಬರೆಯಲು ಕೈ ಬರಲಿಲ್ಲ. ಸರಕಾರಕ್ಕೆ ಸುಳ್ಳು ಬರೆಯುವುದೂ ಅವರ ಜಾಯಮಾನವಲ್ಲ. ಬಹಳ ಹೊತ್ತು ಆಲೋಚಿಸಿ, 'ವಿಷಯ: ಹತ್ತನೇ ಬಿ ವಿಭಾಗದ ಹಾಜರಿ ಪುಸ್ತಕವನ್ನು ಅಡುಗೆಯ ಸಲುವಾಗಿ ಪರಿಶೀಲಿಸಲು ಅನುಮತಿ ಕೋರಿ' ಎಂದು ಬರೆದುಕೊಟ್ಟರು.

ಮೇಧಾ ಮೇಡಂ ಅದನ್ನು ಒಮ್ಮೆ ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಹಿರಿಯರನ್ನು ಏನೆಂದು ಕೇಳುವುದು ಎಂದು, 'ಪರಿಶೀಲಿಸಿ' ಎಂದು ಬರೆದು ಗುಮಾಸ್ತರಿಗೆ ಕಳಿಸಿದರು. ಗುಮಾಸ್ತರು ಅದನ್ನು ಮೂರು ದಿನ ಪರಿಶೀಲಿಸಿದರು. ನಾಲ್ಕನೆಯ ದಿನ ಮಾಸ್ತರರು ಹೋದಾಗ ಅರ್ಜಿಯ ಅಂಚಿನಲ್ಲಿ ಕೆಂಪು ಶಾಯಿಯ ಷರಾ ಇತ್ತು: 'ವಿಷಯವು ಅಡುಗೆಗೆ ಸಂಬಂಧಪಟ್ಟಿರುವುದರಿಂದ ಬಿಸಿಯೂಟ ವಿಭಾಗಕ್ಕೆ ವರ್ಗಾಯಿಸಿದೆ.'

ಬಿಸಿಯೂಟ ವಿಭಾಗವೆಂದರೆ ಶಾಲೆಯ ಹಿಂದಿನ ಹಂಚಿನ ಮಾಡು. ಅಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಹೆಂಗಸು ಕೈ ಒರೆಸಿಕೊಂಡು ಅರ್ಜಿಯನ್ನು ತೆಗೆದುಕೊಂಡು ಗಂಭೀರವಾಗಿ ಓದಿದಳು. "ಆ ವರ್ಷದ್ದು ನನಗೆ ಗೊತ್ತಿಲ್ಲ ಸರ್. ಆಗ ಬಡಿಸಿದ್ದು ಮನೋರಮಕ್ಕ. ಈಗ ಬೆಳ್ಮಣ್ಣಿನಲ್ಲಿ ಮಗಳ ಮನೆಯಲ್ಲಿದ್ದಾರೆ," ಎಂದು ಹೇಳಿ ಅರ್ಜಿಯನ್ನು ಹಿಂದಕ್ಕೆ ಕೊಟ್ಟಳು. ಮೂರು ಕಡೆ ಸುತ್ತಿದ ಅರ್ಜಿಗೆ ಉತ್ತರ ಕೊಟ್ಟದ್ದು ಅವಳು ಒಬ್ಬಳೇ. ಮಾಸ್ತರರು ಹತ್ತು ವರ್ಷ ಆ ಮನೋರಮಕ್ಕನ ಕೈಯ ಅಡುಗೆ ಉಂಡವರು. ಆಕೆಗೆ ಮನೋರಮಾ ಎಂಬ ಹೆಸರಿದೆ ಎಂದು ತಿಳಿದದ್ದು ಅಂದು.

ಬೆಳ್ಮಣ್ಣಿನ ಮನೆಯಂಗಳದಲ್ಲಿ ಬಸಳೆ ಚಪ್ಪರದ ಕೆಳಗೆ ಬೆಳ್ಳಗಿನ ಕೂದಲಿನ ಒಬ್ಬ ಹೆಂಗಸು ಕುಳಿತಿದ್ದರು. ಮಾಸ್ತರರನ್ನು ಕಂಡವರೇ ಎದ್ದು ನಿಂತು, "ಗುರುತು ಸಿಕ್ಕಿತಾ ಮಾಷ್ಟ್ರೇ?" ಎಂದರು.

"ಓಹೋ, ಹೇಗಿದ್ದೀರಿ?" ಎಂದರು ಮಾಸ್ತರರು. ಅಭ್ಯಾಸಬಲ. "ಈಗ ಎಲ್ಲಿದ್ದೀರಿ?"

"ಇಲ್ಲಿಯೇ. ನೀವು ನನ್ನ ಮನೆಗೇ ಬಂದದ್ದಲ್ವಾ?"

ಮಾಸ್ತರರಿಗೆ ಅಂಗಳದಲ್ಲೇ ಹೂತುಹೋಗುವಂತಾಯಿತು. ಮೂರನೆಯ ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. ಮನೋರಮಕ್ಕ ಕೊಟ್ಟ ಮಜ್ಜಿಗೆ ಕುಡಿದು, ಬಸಳೆಯ ಬಳ್ಳಿಯನ್ನು ನೋಡುತ್ತ, ಹೆಂಡತಿಯ ಎದುರಿಗೂ ತಾವಾಗಿ ಬಾಯಿಬಿಟ್ಟು ಹೇಳದಿದ್ದುದನ್ನು ಹೇಳಿದರು. ತನಗೆ ಒಂದು ಮಗುವಿನ ಮುಖವೂ ನೆನಪಿಲ್ಲ, ಭಾನುವಾರ ಇಪ್ಪತ್ತೊಂದು ಜನ ಬರುತ್ತಿದ್ದಾರೆ ಎಂದರು.

"ಮುಖ ನನಗೂ ಅಷ್ಟಕ್ಕಷ್ಟೇ," ಎಂದರು ಮನೋರಮಕ್ಕ. "ನಾನು ಬಗ್ಗಿ ಬಡಿಸಿದವಳು ಮಾಷ್ಟ್ರೇ. ನೋಡಿದ್ದು ಬಟ್ಟಲು. ಹೆಸರು ಹೇಳಿ, ಬಟ್ಟಲು ಹೇಳುತ್ತೇನೆ."

ಹಿಂದಿನ ದಿನವಷ್ಟೇ ನಿಖಿತಾ ತಮ್ಮನ್ನೂ ಸೇರಿಸಿದ್ದ ವಾಟ್ಸಾಪ್ ಗುಂಪಿನ ಹೆಸರುಗಳನ್ನು ಮಾಸ್ತರರು ಒಂದೊಂದಾಗಿ ಓದಿದರು. ಮನೋರಮಕ್ಕ ಕಣ್ಣು ಮುಚ್ಚಿ ಒಂದೊಂದಾಗಿ ಬಡಿಸಿದರು. ಸ್ಯಾಮ್ಸನ್ ಚಡ್ಡಿಯ ಜೇಬಿನಲ್ಲಿ ಮಾವಿನ ಮಿಡಿ ತಂದು ಸಾಂಬಾರಿಗೆ ಹಿಂಡಿಕೊಳ್ಳುತ್ತಿದ್ದವನು. ಸಮೀಕ್ಷಾ ಕರಿಬೇವಿನ ಎಲೆಗಳನ್ನೆಲ್ಲ ಆರಿಸಿ ಬಟ್ಟಲಿನ ಅಂಚಿನಲ್ಲಿ ಸಾಲಾಗಿ ಅಂಟಿಸುತ್ತಿದ್ದಳು, ಒಂದೂ ಸೊಟ್ಟಗಿರಕೂಡದು. ರೋಹಿತ್ ಎಂಬವನಿಗೆ ಪಾತ್ರೆಯ ತಳ ಹಿಡಿದ ಅನ್ನವೇ ಆಗಬೇಕು, ಅದಕ್ಕಾಗಿ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ. ಡೆನ್ವರ್‌ನಿಗೆ ಪಾಯಸವಿದ್ದರೆ ಮೂರು ಸಲ. ಮಾಸ್ತರರು ಪಾಯಸ ಕೊಟ್ಟದ್ದು ಸುಮ್ಮನೆ ಅಂದಾಜಿನಲ್ಲಿ, ಅದು ಸರಿ ಬಿದ್ದದ್ದಕ್ಕೆ ಅವರು ಸ್ವಲ್ಪ ಹಿಗ್ಗಿದರು.

"ನಿಖಿತಾ?"

"ಓ, ಅವಳು ಗುಳ್ಳ ಮುಟ್ಟುವವಳಲ್ಲ. ಒಂದು ಹೋಳು ಬಿದ್ದರೂ ತೆಗೆದು ಪಕ್ಕಕ್ಕೆ ಇಡುವುದು."

ಮಾಸ್ತರರ ಹಿಗ್ಗು ಇಳಿಯಿತು. ನಿಖಿತಾ ಗೊಜ್ಜು ಗುಳ್ಳದ್ದೆಂದು ತರಕಾರಿ ಅಂಗಡಿಯಲ್ಲಿ ನಾಲ್ಕು ಜನರೆದುರು ಘೋಷಣೆಯಾಗಿ ಹೋಗಿತ್ತು. ಅಷ್ಟೇ ಅಲ್ಲ, ಇಪ್ಪತ್ತೊಂದು ಬಗೆಯ ಅಡುಗೆ ಮಾಡುವುದು ಹೇಗೆ ಎಂದು ಅವರು ತಲೆ ಹಿಡಿದುಕೊಂಡರು. ಮನೋರಮಕ್ಕನಿಗೆ ನಗು ಬಂತು. "ನಾನು ಇಪ್ಪತ್ತೊಂದು ಮಾಡಿದ್ದೇನಾ? ಅಡುಗೆ ಒಂದೇ ಮಾಷ್ಟ್ರೇ, ಉಂಡದ್ದು ಬೇರೆ ಬೇರೆ," ಎಂದರು. ಆಮೇಲೆ, "ಭಾನುವಾರ ನಾನೇ ಬಂದು ಮಾಡಿಕೊಡುತ್ತೇನೆ. ಮಕ್ಕಳನ್ನು ಒಮ್ಮೆ ನೋಡಿದ ಹಾಗೂ ಆಯಿತು," ಎಂದರು. ಇದಕ್ಕಿಂತ ಹೆಚ್ಚು ಅವರು ಏನನ್ನೂ ಕೇಳಲಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಮನೋರಮಕ್ಕ ಬಂದಿಳಿದರು. ನೀಲಿ ಅಂಚಿನ ರೇಷ್ಮೆ ಸೀರೆ, ತಲೆಯಲ್ಲಿ ಶಂಕರಪುರದ ಮಲ್ಲಿಗೆ. ಒಲೆಯ ಮುಂದೆ ನಿಲ್ಲುವವರು ಉಡುವ ಸೀರೆಯಲ್ಲ ಅದು. ಮಾಸ್ತರರು ಆ ಸೀರೆ ಕಂಡೊಡನೆ ಲೆಕ್ಕ ಹಾಕಿದರು. ಮಕ್ಕಳು ಈಕೆಯನ್ನು ನೋಡಿದರೆಂದರೆ ನೆನಪು ಯಾರದ್ದು ಎಂದು ತಿಳಿಯಲು ಗಣಿತ ಕಲಿಯಬೇಕಾಗಿಲ್ಲ.

"ಬಡಿಸಲಿಕ್ಕೆ ನಾವು ಇದ್ದೇವೆ ಮನೋರಮಕ್ಕ. ನೀವು ಒಳಗೇ ಇರಿ. ಸುಮ್ಮನೆ ಆಯಾಸ ಬೇಡ," ಎಂದರು.

ಮನೋರಮಕ್ಕ ಅವರ ಮುಖವನ್ನೊಮ್ಮೆ ನೋಡಿದರು. "ಆಯಿತು ಮಾಷ್ಟ್ರೇ," ಎಂದು ಸುಭಾಷಿಣಿಯವರಿಂದ ಒಂದು ಹಳೆಯ ಬೈರಾಸು ಟವೆಲು ಕೇಳಿ ತೆಗೆದುಕೊಂಡು ಸೀರೆಯ ಮೇಲೆ ಕಟ್ಟಿಕೊಂಡು ಒಲೆಯ ಕಡೆಗೆ ತಿರುಗಿದರು. ಸುಭಾಷಿಣಿ ಇದನ್ನು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಅವರು ಏನೂ ಹೇಳದಿರುವುದು ಅಪಾಯದ ಲಕ್ಷಣ ಎಂದು ಮೂವತ್ತು ವರ್ಷದ ಸಂಸಾರದಲ್ಲಿ ಮಾಸ್ತರರಿಗೆ ತಿಳಿದಿರಬೇಕಿತ್ತು. ಅದೂ ಆ ಕ್ಷಣಕ್ಕೆ ಮರೆತಿತ್ತು.

ಹನ್ನೆರಡೂವರೆಗೆ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಇಳಿದ ಮೇಲೆ ಜನ ಇಳಿದರು. ಮನೆಯ ಮುಂದಿನ ಚಾವಡಿಯಲ್ಲಿ ಸಾಲಾಗಿ ಎಲೆ ಹಾಕಿತ್ತು. ಪ್ರತಿ ಎಲೆಯ ತುದಿಗೆ ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ ಒಂದೊಂದು ಚೀಟಿ. ಯಾರ ಮುಖವನ್ನೂ ಗುರುತಿಸದೆ ಎಲ್ಲರನ್ನೂ ಅವರವರ ಜಾಗಕ್ಕೆ ಕೂರಿಸುವ ಉಪಾಯ ಅದು. "ಅವರವರ ಹೆಸರು ನೋಡಿ ಕುಳಿತುಕೊಳ್ಳಿ," ಎಂದು ಮಾಸ್ತರರು ಪರೀಕ್ಷಾ ಕೊಠಡಿಯ ಧ್ವನಿಯಲ್ಲಿ ಹೇಳಿ ಬಾಗಿಲ ಬಳಿ ನಿಂತರು.

ಒಬ್ಬೊಬ್ಬರಾಗಿ ತಮ್ಮ ಚೀಟಿ ಓದಿ ಕುಳಿತರು. ಸ್ಯಾಮ್ಸನ್ ಎಲೆಯಲ್ಲಿ ಉಪ್ಪಿನ ಪಕ್ಕ ಒಂದು ಮಾವಿನ ಮಿಡಿ ಇತ್ತು. ರೋಹಿತ್ ಎಲೆಗೆ ತಳ ಹಿಡಿದ ಅನ್ನ ಬಿತ್ತು. ಸಮೀಕ್ಷಾಳ ಚೀಟಿಯಲ್ಲಿ 'ಕರಿಬೇವು ಅಂಚಿಗೆ, ನೇರವಾಗಿ' ಎಂದಿತ್ತು, ಅವಳು ಬಾಯಿಗೆ ಸೆರಗು ಹಿಡಿದಳು. ನಿಖಿತಾ ಗೊಜ್ಜಿನ ಎದುರಿಗೆ ಬರೆದಿದ್ದುದು ಇಷ್ಟು: 'ಗುಳ್ಳ ತೆಗೆದಿಡಲು ಎಡಕ್ಕೆ ಜಾಗ ಬಿಟ್ಟಿದೆ.' ಬ್ಯಾಂಕಿನಲ್ಲಿ ಸಾಲ ಕೇಳಿದವರನ್ನೆಲ್ಲ ಅಳಿಸುವ ಹುದ್ದೆಯಲ್ಲಿದ್ದ ನಿಖಿತಾ ಗೊಜ್ಜಿನ ಮುಂದೆ ಕುಳಿತು ಅತ್ತಳು. ತನ್ನ ಮನೆಯವರಿಗೇ ಇದು ಗೊತ್ತಿಲ್ಲ, ಸರ್ ಬೋರ್ಡಿನ ಕಡೆಗೆ ತಿರುಗಿಕೊಂಡೇ ಇದನ್ನೆಲ್ಲ ಹೇಗೆ ನೋಡಿದರು ಎಂದಳು. ಮಾಸ್ತರರು ಉತ್ತರವಾಗಿ ಮೆಲ್ಲನೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ಏನು ಬೇಕಾದರೂ ಅರ್ಥ ಮಾಡಿಕೊಳ್ಳಬಹುದಿತ್ತು.

ಎಲ್ಲ ಸುಸೂತ್ರವಾಗಿ ಸಾಗುತ್ತಿರುವಾಗ ಸಾಲಿನ ತುದಿಯಲ್ಲಿ ಚೀಟಿಯಿಲ್ಲದ ಒಂದು ಎಲೆಯೂ ಅದರ ಹಿಂದೆ ಒಬ್ಬ ದಪ್ಪ ಮೀಸೆಯವನೂ ಕಂಡರು. ಮಾಸ್ತರರು ಲೆಕ್ಕ ಹಾಕಿದರು. ಇಪ್ಪತ್ತೆರಡು. ಯಾರನ್ನೋ ಬಿಟ್ಟುಬಿಟ್ಟಿದ್ದೇನೆ. ಅವನು ತಲೆ ತಗ್ಗಿಸಿ, ಯಾರ ಹತ್ತಿರವೂ ಮಾತಾಡದೆ, ಬರಿಯ ಅನ್ನ ಸಾರು ಉಣ್ಣುತ್ತಿದ್ದ. ಇಪ್ಪತ್ತೊಂದು ಜನರ ಸಂತೋಷದ ನಡುವೆ ಆ ತಗ್ಗಿದ ತಲೆ ನೋಡಿ ಮಾಸ್ತರರು ಆ ಕಡೆಗೆ ನಡೆದರು. ಕ್ಲಾಸಿನಲ್ಲೂ ಇವನು ಹೀಗೇ ಕುಳಿತಿದ್ದಿರಬೇಕು, ತಾನು ತಿರುಗಿ ನೋಡಿರಲಿಕ್ಕಿಲ್ಲ. ಮೂರು ಪ್ರಶ್ನೆಗಳು ನಾಲಗೆಯ ತುದಿಗೆ ಬಂದವು. ಅವರು ಅವನ್ನು ನುಂಗಿದರು. ಅವನ ಎದುರು ಬಗ್ಗಿ ಕುಳಿತು ಜೀವಮಾನದಲ್ಲಿ ಹೇಳದ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದರು.

"ಮಗಾ, ನನಗೆ ನಿನ್ನ ಗುರುತು ಸಿಗಲಿಲ್ಲ. ತಪ್ಪು ನನ್ನದು. ಕ್ಷಮಿಸು."

ಮೀಸೆಯವನು ಬಾಯಲ್ಲಿದ್ದ ತುತ್ತನ್ನು ಕಷ್ಟಪಟ್ಟು ನುಂಗಿದ.

"ನಾನು ಹೆಬ್ರಿಯವ ಸರ್. ಟೆಂಪೋದ ಡ್ರೈವರ್. ಇವರು ಬಲವಂತ ಮಾಡಿ ಕೂರಿಸಿದ್ದು."

ಆಮೇಲೆ ನಿಖಿತಾ ಕಣ್ಣೊರೆಸಿಕೊಂಡು ಎದ್ದು ನಿಂತು ಒಂದು ಸಣ್ಣ ಭಾಷಣವನ್ನೇ ಮಾಡಿದಳು. ಸರ್ ಕೆಲವೊಮ್ಮೆ ಸುಮ್ಮನೆ ನೆನಪಿದ್ದವರ ಹಾಗೆ ಮಾಡುತ್ತಾರೇನೋ ಎಂಬ ಅನುಮಾನ ಗುಂಪಿನಲ್ಲಿ ಒಬ್ಬಿಬ್ಬರಿಗೆ ಇತ್ತು, ಹೆಸರು ಹೇಳುವುದಿಲ್ಲ. ಗೊತ್ತಿಲ್ಲದವನನ್ನು ಗೊತ್ತಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳುವ ಮನುಷ್ಯ, ಗೊತ್ತು ಎಂದರೆ ಗೊತ್ತೇ ಎಂದು ಇವತ್ತು ಸಾಬೀತಾಯಿತು ಎಂದಳು. ಎಂಜಲು ಕೈಯಲ್ಲೇ ಚಪ್ಪಾಳೆ ಬಿತ್ತು. ಡ್ರೈವರನೂ ತಟ್ಟಿದ. ಆಯುಷ್ಯದಲ್ಲಿ ಒಮ್ಮೆ ನಿಜ ಹೇಳಿದ್ದಕ್ಕೆ ಮಾಸ್ತರರ ಸುಳ್ಳಿಗೆ ಹೀಗೆ ಖಾಯಂ ಮೊಹರು ಬಿತ್ತು. ಅವರು ಶಾಲು ಸರಿಪಡಿಸಿಕೊಂಡರು. ಶಾಲು ಚುಚ್ಚುತ್ತಿತ್ತು.

ಒಳಗೆ ಸುಭಾಷಿಣಿ ಪಾಯಸದ ಪಾತ್ರೆಯನ್ನು ಎತ್ತಿದರು, ಮತ್ತೆ ಕೆಳಗಿಟ್ಟರು. ಮನೋರಮಕ್ಕನ ಸೊಂಟದಿಂದ ಬೈರಾಸನ್ನು ತಾವೇ ಬಿಚ್ಚಿದರು. "ಪಾಯಸ ನೀವೇ ತೆಗೆದುಕೊಂಡು ಹೋಗಿ ಮನೋರಮಕ್ಕ," ಎಂದರು.

ಮನೋರಮಕ್ಕ ಪಾತ್ರೆ ಹಿಡಿದು ಚಾವಡಿಯ ಹೊಸ್ತಿಲಲ್ಲಿ ನಿಂತರು. ಹದಿನಾಲ್ಕು ವರ್ಷದಲ್ಲಿ ಕೂದಲು ಬೆಳ್ಳಗಾಗಿತ್ತು, ಶಾಲೆಯ ಏಪ್ರನ್ನೂ ಟೊಪ್ಪಿಯೂ ಇರಲಿಲ್ಲ. ಸೀರೆಯ ನೆರಿಗೆ ಸರಿ ಮಾಡಿಕೊಂಡು, ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ, ನಗುತ್ತ ಕೇಳಿದರು.

"ಮಕ್ಕಳೇ, ಗುರುತು ಸಿಕ್ಕಿತಾ?"

ಇಪ್ಪತ್ತೊಂದು ಮುಖಗಳು ಮೇಲೆದ್ದವು. ಇಪ್ಪತ್ತೊಂದರಲ್ಲೂ ಒಂದೇ ಬಗೆಯ ನಗು ಹರಡಿತು. ಮಾಸ್ತರರಿಗೆ ಆ ನಗುವಿನ ಪರಿಚಯ ಚೆನ್ನಾಗಿತ್ತು.

"ಓಹೋ, ಹೇಗಿದ್ದೀರಿ?" ಎಂದಳು ಸಮೀಕ್ಷಾ.

"ಈಗ ಎಲ್ಲಿದ್ದೀರಿ?" ಎಂದ ಸ್ಯಾಮ್ಸನ್.

"ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದ ಡೆನ್ವರ್.

ಅಷ್ಟು ವರ್ಷ ಬೋರ್ಡಿನಲ್ಲಿ ಬರೆದದ್ದು ಮಕ್ಕಳಿಗೆ ಎಷ್ಟು ಹತ್ತಿತೋ ದೇವರೇ ಬಲ್ಲ, ತನ್ನ ಈ ವಿದ್ಯೆ ಒಂದು ಅಕ್ಷರ ಬಿಡದೆ ಹತ್ತಿದ್ದನ್ನು ಮಾಸ್ತರರು ಕಿವಿಯಾರೆ ಕೇಳಿದರು. ಮನೋರಮಕ್ಕನ ನಗು ಹಾಗೆಯೇ ಇತ್ತು. ಪಾತ್ರೆ ಹಿಡಿದ ಕೈ ಮಾತ್ರ ಸ್ವಲ್ಪ ಇಳಿಯಿತು. ಅದನ್ನು ನೋಡಿದ ಮೇಲೆ ಮಾಸ್ತರರಿಂದ ತಡೆಯಲಾಗಲಿಲ್ಲ. ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಚಾವಡಿಯ ನಡುವೆ ಬಂದು ನಿಂತರು.

"ಈ ಅಕ್ಕನ ಗುರುತು ಸಿಗದವರು ಕೈ ಎತ್ತಿ," ಎಂದರು. ಯಾರೂ ಎತ್ತಲಿಲ್ಲ. ಮಾಸ್ತರರು ತಮ್ಮ ಕೈಯನ್ನು ಎತ್ತಿದರು. "ಹೋದ ವಾರ ಇವರ ಅಂಗಳದಲ್ಲಿ ನಿಂತು ನನಗೂ ಸಿಗಲಿಲ್ಲ. ನಿಮ್ಮಲ್ಲಿ ಒಬ್ಬರ ಗುರುತೂ ನನಗೆ ಸಿಕ್ಕಿದ್ದಲ್ಲ. ಆ ಚೀಟಿಯಲ್ಲಿ ಅಕ್ಷರ ಮಾತ್ರ ನನ್ನದು. ನೆನಪು ಇವರದ್ದು."

ಮೊದಲು ನಿಖಿತಾಳ ಕೈ ಮೇಲೆದ್ದಿತು. ಆಮೇಲೆ ಸಮೀಕ್ಷಾಳದ್ದು, ರೋಹಿತ್‌ನದ್ದು. ಒಂದೊಂದಾಗಿ ಇಪ್ಪತ್ತೊಂದು ಎಂಜಲು ಕೈಗಳು ಮೇಲೆದ್ದವು. ಡ್ರೈವರನೂ, ಯಾವುದಕ್ಕೂ ಇರಲಿ ಎಂದು, ಎತ್ತಿದ.

ಮನೋರಮಕ್ಕ ಆ ಕೈಗಳ ಕೆಳಗೆ ಬಗ್ಗಿ ಪಾಯಸ ಬಡಿಸುತ್ತ ಬಂದರು. ಡೆನ್ವರ್ ಎದುರು ಬಂದಾಗ ಸೌಟು ನಿಂತಿತು.

"ಎಂಟನೇ ಕ್ಲಾಸಿನ ಮಕ್ಕಳಿಗೆ ಉಳಿದೀತಾ ಅಂತ ಕೇಳದೆ ನೀನು ಒಂದು ದಿನವೂ ಮೂರನೆಯ ಸಲ ಹಾಕಿಸಿಕೊಂಡವನಲ್ಲ. ಅವರಿಗೆ ಉಂಟು ಮಗಾ. ಹಾಕಿಸಿಕೋ."

ಡೆನ್ವರ್ ಕೈ ಕೆಳಗೆ ಬಂತು. "ಅಕ್ಕ," ಎಂದ. ಅವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಅಷ್ಟೇ. ಬೇರೆ ಹೆಸರು ಯಾರೂ ಕೇಳಿರಲಿಲ್ಲ. ಒಬ್ಬನ ಬಾಯಿಂದ ಬಂದದ್ದೇ ಚಾವಡಿಯ ತುಂಬ ಅಕ್ಕ, ಅಕ್ಕ ಎಂದಾಯಿತು. ನಿಖಿತಾ ಎದ್ದು ಹೋಗಿ ಎಂಜಲು ಕೈಯನ್ನು ಹಿಂದೆ ಮಾಡಿಕೊಂಡು ಅವರ ಹೆಗಲಿಗೆ ತಲೆಯಿಟ್ಟಳು.

ಎಲ್ಲರ ಕೈ ಇಳಿದರೂ ಮಾಸ್ತರರ ಕೈ ಮೇಲೆಯೇ ಇತ್ತು. ಇಳಿಸಲು ಅವರಿಗೆ ಧೈರ್ಯ ಸಾಲಲಿಲ್ಲ. ಮನೋರಮಕ್ಕ ಅವರ ಬಳಿಗೆ ಬಂದರು.

"ಕೈ ಇಳಿಸಿ ಮಾಷ್ಟ್ರೇ, ಬಟ್ಟಲು ಹಿಡಿಯಿರಿ. ನಿಮ್ಮದೂ ನೆನಪು ಉಂಟು ನನಗೆ. ಸಾರಿಗೆ ಉಪ್ಪು ಹೆಚ್ಚಾದ ದಿನ, ಯಾರೂ ನನಗೆ ಏನೂ ಹೇಳಬಾರದು ಅಂತ, ಎಲ್ಲರೆದುರು ಎರಡು ಸಲ ಹಾಕಿಸಿಕೊಂಡವರು ನೀವು."

ಮಾಸ್ತರರಿಗೆ ಅದು ನೆನಪಿರಲಿಲ್ಲ. ನೆನಪಿಲ್ಲ ಎಂದು ಹೇಳಿ ಅವರು ಬಟ್ಟಲು ಹಿಡಿದರು.